ಕಾಫಿ ಆರುವ ಮುನ್ನ: ಕಥೆಯಲ್ಲಿ ಮರೆಯುವವನು ಗಂಡ, ಚಿತ್ರದಲ್ಲಿ ಹೆಂಡತಿ. ಯಾಕೆ ಈ ಅದಲುಬದಲು?

ನಸುಕಿನ ಓದುಗ
ಜಪಾನಿನ ತೊಶಿಕಾಝು ಕವಾಗುಚಿ ಅವರ ಪುಸ್ತಕವನ್ನು ಇಲ್ಲಿ ಹಲವರು ಓದಿರಬಹುದು. ಮೂಲ 2015ರದು, ಜೆಫ್ರಿ ಟ್ರೌಸೆಲಾಟ್ ಅವರ ಇಂಗ್ಲಿಷ್ ಅನುವಾದ 2019ರದು. ಹೆಸರನ್ನು ಕನ್ನಡದಲ್ಲಿ ಹೇಳಬೇಕೆಂದರೆ ‘ಕಾಫಿ ಆರುವ ಮುನ್ನ’. ಕಾದಂಬರಿ ಎಂದು ಮಾರುತ್ತಾರಾದರೂ ಅವು ಒಂದೇ ಕಾಫಿ ಅಂಗಡಿಯಲ್ಲಿ ನಡೆಯುವ ನಾಲ್ಕು ಕಥೆಗಳು. ಅದನ್ನು ಆಧರಿಸಿದ ಚಿತ್ರ 2018ರಲ್ಲಿ ಬಂತು, ನಿರ್ದೇಶಕಿ ಅಯುಕೊ ತ್ಸುಕಾಹಾರಾ. ನಾನು ಚಿತ್ರವನ್ನು ಮೊದಲು ನೋಡಿ ಆಮೇಲೆ ಪುಸ್ತಕ ಹಿಡಿದವನು. ಎರಡನೆಯ ಕಥೆಗೆ ಬಂದಾಗ, ನಾನು ನೋಡಿದ್ದು ಇದೇ ಕಥೆಯೇ ಎಂದು ಅನುಮಾನವಾಯಿತು.

ಓದದವರಿಗೆ ಎರಡು ಮಾತು. ನೆಲಮಾಳಿಗೆಯಲ್ಲಿ ಒಂದು ಕಾಫಿ ಅಂಗಡಿ. ಕಿಟಕಿ ಇಲ್ಲ. ಗೋಡೆಯ ಮೇಲೆ ಮೂರು ಗಡಿಯಾರ, ಸರಿಯಾದ ಹೊತ್ತು ತೋರಿಸುವುದು ನಡುವಿನದು ಮಾತ್ರ. ಅಲ್ಲಿನ ಒಂದು ಕುರ್ಚಿಯಲ್ಲಿ ಕುಳಿತರೆ ಹಿಂದಿನ ಕಾಲಕ್ಕೆ ಹೋಗಬಹುದು. ಆದರೆ ಷರತ್ತುಗಳಿಗೆ ಲೆಕ್ಕವಿಲ್ಲ: ಆ ಅಂಗಡಿಗೆ ಬಂದವರನ್ನಷ್ಟೇ ನೋಡಬಹುದು, ಕುರ್ಚಿ ಬಿಟ್ಟು ಏಳುವಂತಿಲ್ಲ, ಏನೇ ಮಾಡಿದರೂ ಇಂದಿನ ಸ್ಥಿತಿ ಬದಲಾಗದು. ಬಟ್ಟಲಿಗೆ ಸುರಿದ ಕಾಫಿ ಆರುವ ಮುನ್ನ ಅದನ್ನು ಪೂರ್ತಿ ಕುಡಿದು ಮರಳಬೇಕು. ಕುಡಿಯದಿದ್ದರೆ ದೆವ್ವವಾಗಿ ಅದೇ ಕುರ್ಚಿಯಲ್ಲಿ ಉಳಿಯಬೇಕು. ಹಾಗೆ ಉಳಿದ ಬಿಳಿ ಉಡುಪಿನ ಹೆಂಗಸೊಬ್ಬಳು ಅಲ್ಲಿ ಪುಸ್ತಕ ಓದುತ್ತ ಕುಳಿತಿರುತ್ತಾಳೆ. ದಿನಕ್ಕೊಮ್ಮೆ ಶೌಚಾಲಯಕ್ಕೆ ಎದ್ದಾಗ ಮಾತ್ರ ಜಾಗ ಸಿಗುತ್ತದೆ. (ದೆವ್ವಕ್ಕೂ ಶೌಚಾಲಯ ಬೇಕೇ ಎಂದು ಕೇಳಬೇಡಿ. ನಾನೂ ಕೇಳಿಕೊಂಡಿದ್ದೇನೆ.)

ಎರಡನೆಯ ಕಥೆಯ ಫುಸಾಗಿ ತೋಟಗಳನ್ನು ರೂಪಿಸುವ ಕೆಲಸದವನು. ಅವನಿಗೆ ಆಲ್ಝೈಮರ್. ಹೆಂಡತಿ ಕೊಹ್ತಾಕೆ ನರ್ಸ್. ತಾನು ಮದುವೆಯಾದದ್ದನ್ನೇ ಅವನು ಮರೆಯುತ್ತ ಬಂದಾಗ ಅವಳು ಗಂಡನ ಮನೆಯ ಹೆಸರನ್ನು ಬಿಟ್ಟು ತವರಿನ ಹೆಸರಿನಲ್ಲಿ ಕರೆಸಿಕೊಳ್ಳತೊಡಗುತ್ತಾಳೆ. ಅವನ ಬಳಿ ಹೆಂಡತಿಗೆ ಬರೆದೂ ಕೊಡದೆ ಉಳಿದ ಪತ್ರವೊಂದಿದೆ. ಅದನ್ನು ಪಡೆಯಲು ಅವಳು ಹಿಂದಕ್ಕೆ ಹೋಗುತ್ತಾಳೆ.

ಚಿತ್ರದಲ್ಲಿ ಇದು ತಿರುಗುಮುರುಗು. ಮರೆಯುವವಳು ಕೊಹ್ತಾಕೆ, ಪಾತ್ರಧಾರಿ ಹಿರೊಕೊ ಯಕುಶಿಮಾರು. ನರ್ಸ್ ಆಗಿರುವವನು ಗಂಡ ಫುಸಾಗಿ, ಅಂದರೆ ಯುತಾಕಾ ಮತ್ಸುಶಿಗೆ. ಪತ್ರ ಬರೆದವಳು ಅವಳು, ತರಲು ಹೋಗುವವನು ಅವನು. ಇದರಿಂದ ಕಥೆ ಕೆಟ್ಟಿತು ಎನ್ನುವುದು ನನ್ನ ಅಭಿಪ್ರಾಯ. ಬೈಯುವವರು ಬೈಯಬಹುದು.

ಕೆನೆ ಬೇಡ
ಬೈಯುವುದಕ್ಕೆ ಮುಂಚೆ ಒಂದು ತಕರಾರು. ಕಾಫಿಯ ಮೇಲೆ ಕಥೆ ಕಟ್ಟಿ ಅದರ ರುಚಿಯ ಬಗ್ಗೆ ಇಷ್ಟು ಕಡಿಮೆ ಬರೆದ ಪುಸ್ತಕವನ್ನು ನಾನು ಬೇರೆ ನೋಡಿಲ್ಲ. ಹಬೆ ಏಳುತ್ತದೆ, ಬಟ್ಟಲು ಬಿಳಿ, ಕೆಟಲ್ ಬೆಳ್ಳಿಯದು. ಅಷ್ಟೇ. ಹಾಲಿಲ್ಲದ ಕಾಫಿ ಆರುವುದು ಕಣ್ಣಿಗೆ ಕಾಣುವುದೂ ಇಲ್ಲ. ನಮ್ಮ ಕಾಫಿಯಾದರೆ ಕೆನೆ ಕಟ್ಟುತ್ತದೆ. ಕೆನೆ ಕಟ್ಟಿತು ಎಂದರೆ ಹೊತ್ತು ಮೀರಿತು ಎಂದೇ ಲೆಕ್ಕ, ಗಡಿಯಾರ ಬೇಕಿಲ್ಲ. ಅದನ್ನು ಒಲೆಯ ಮೇಲಿಟ್ಟು ಎರಡನೆಯ ಸಲ ಕುದಿಸಿ ತಂದುಕೊಡುವ ಮನೆಗಳಿವೆ. ಅಂಥ ಮನೆಗಳಿಗೆ ನಾನು ಮತ್ತೆ ಹೋಗುವುದಿಲ್ಲ.

ಬಾಳುಪೇಟೆಯವಳು
ಅದೇ ಅಲ್ಲವೇ ಕಥೆಯ ಜೀವ? ಹೊರಗಿನಿಂದ ನೋಡುವವರಿಗೆ ಕಾಫಿ ಆರಿದ್ದು ಗೊತ್ತಾಗುವುದಿಲ್ಲ. ಬಟ್ಟಲು ಹಿಡಿದವರ ಬೆರಳಿಗೆ, ತುಟಿಗೆ ಮಾತ್ರ ಗೊತ್ತು. ಪುಸ್ತಕದಲ್ಲಿ ಪಾತ್ರಗಳು ನಡುನಡುವೆ ಬಟ್ಟಲನ್ನು ಮುಟ್ಟಿ ನೋಡುವಾಗ ನನ್ನ ಅಂಗೈಯೂ ಬಿಸಿ ಹುಡುಕುತ್ತಿತ್ತು. ಚಿತ್ರದಲ್ಲಿ ಆ ಬಿಸಿ ಇಲ್ಲ. ಪರದೆಯ ಮೇಲೆ ಬಿಸಿ ಕಾಫಿಯೂ ಆರಿದ ಕಾಫಿಯೂ ಒಂದೇ ಬಣ್ಣ. ಅದಕ್ಕೇ ಇರಬೇಕು, ಕಾಲ ಹಿಂದೆ ಸರಿಯುವಾಗ ಅವರನ್ನೆಲ್ಲ ನೀರಿನೊಳಗೆ ಬೀಳಿಸುತ್ತಾರೆ. ಕಣ್ಣಿಗೆ ಸೊಗಸು, ಆದರೆ ನೀರಿಗೂ ಕಾಫಿಗೂ ಏನು ಸಂಬಂಧ?

ನಮ್ಮಲ್ಲಿ ಇನ್ನೊಂದು ತಮಾಷೆ. ನಾವು ಕಾಫಿಯನ್ನು ಬೇಕೆಂದೇ ಆರಿಸಿ ಕುಡಿಯುವವರು. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಸುರಿದು ಮಕ್ಕಳಿಗೆ ಕೊಡುತ್ತೇವೆ. ಆ ಅಂಗಡಿಯಲ್ಲಿ ನಮ್ಮ ಅಜ್ಜಿ ಕುಳಿತಿದ್ದರೆ ಮೊದಲ ನಿಮಿಷದಲ್ಲೇ ದೆವ್ವವಾಗುತ್ತಿದ್ದರು.

ಒಸಾಕಾದಿಂದ
ಹೆಸರಿನ ಬಗ್ಗೆ ಒಂದು ತಿದ್ದುಪಡಿ ಹೇಳಬಹುದೇ? ಜಪಾನಿ ಹೆಸರು ‘ಕೋಹಿ ಗಾ ಸಮೆನಾಯ್ ಉಚಿ ನಿ’. ಇಲ್ಲಿನ ‘ಉಚಿ’ ಎಂದರೆ ಒಳಗೆ. ಹಾಗಾಗಿ ‘ಆರುವ ಮುನ್ನ’ ಎನ್ನುವುದಕ್ಕಿಂತ ‘ಕಾಫಿ ಆರುವುದರೊಳಗೆ’ ಎಂದರೆ ಹೆಚ್ಚು ಹತ್ತಿರ. ಮಳೆ ಬರುವುದರೊಳಗೆ ಮನೆ ಸೇರು ಎನ್ನುತ್ತೇವಲ್ಲ, ಅದೇ ಒಳಗೆ. ಬಿಸಿ ಇರುವಷ್ಟು ಹೊತ್ತು ಒಂದು ಕೋಣೆ ಇದ್ದಂತೆ, ಅದರೊಳಗೆ ನೀವಿದ್ದೀರಿ. ಇಂಗ್ಲಿಷ್ ಹೆಸರಿನಲ್ಲಿ ಈ ಕೋಣೆ ಹೋಗಿ ಗಡುವು ಮಾತ್ರ ಉಳಿದಿದೆ.

ಇನ್ನೂ ಒಂದು. ‘ಸಮೆರು’ ಎಂದರೆ ಆರುವುದು. ಬೇರೆ ಲಿಪಿಚಿಹ್ನೆಯಲ್ಲಿ ಬರೆದರೆ ಅದೇ ಉಚ್ಚಾರಕ್ಕೆ ಎಚ್ಚರಾಗುವುದು ಎಂಬ ಅರ್ಥ. ಕನ್ನಡದಲ್ಲಿ ಕಾಫಿಯೂ ಆರುತ್ತದೆ, ದೀಪವೂ ಆರುತ್ತದೆ. ಅವರಿಗೆ ಕನಸು, ನಮಗೆ ದೀಪ. ಇದನ್ನು ಯಾರಾದರೂ ಕನ್ನಡಕ್ಕೆ ತಂದರೆ ಈ ಒಂದು ಪದದಲ್ಲೇ ಅರ್ಧ ಗೆದ್ದಂತೆ.

ನಸುಕಿನ ಓದುಗ
‘ಆರುವುದರೊಳಗೆ’ ಎಷ್ಟು ಚೆನ್ನಾಗಿದೆ! ಶೀರ್ಷಿಕೆ ಬದಲಿಸಲು ಹೋದೆ, ಈಗ ಆಗುವುದಿಲ್ಲವಂತೆ. ಹಿಂದಕ್ಕೆ ಹೋದರೂ ಇಂದಿನ ಸ್ಥಿತಿ ಬದಲಾಗದು.

ರಂಗದ ಹಿಂದೆ
ಒಂದು ವಿಷಯ ಯಾರೂ ಹೇಳಲಿಲ್ಲ. ಇದು ಮೊದಲು ನಾಟಕ. ಕವಾಗುಚಿ ರಂಗಭೂಮಿಯವರು. ತಮ್ಮದೇ ನಾಟಕವನ್ನು ಆಮೇಲೆ ಕಥೆಗಳಾಗಿ ಬರೆದರು. ಅದು ಗೊತ್ತಾದ ಮೇಲೆ ಆ ಷರತ್ತುಗಳನ್ನು ಇನ್ನೊಮ್ಮೆ ಓದಿ. ಅಂಗಡಿಗೆ ಬಂದವರನ್ನಷ್ಟೇ ನೋಡಬಹುದು ಎಂದರೆ ರಂಗಸಜ್ಜಿಕೆ ಒಂದೇ ಸಾಕು. ಕುರ್ಚಿ ಬಿಟ್ಟು ಏಳುವಂತಿಲ್ಲ ಎಂದರೆ ದೀಪ ಎಲ್ಲಿಗೆ ಬಿಡಬೇಕೆಂದು ಗೊತ್ತು. ಕಿಟಕಿ ಇಲ್ಲದ ನೆಲಮಾಳಿಗೆ, ಹೊರಗಿನ ದೃಶ್ಯ ಬೇಡ. ದೆವ್ವ ಶೌಚಾಲಯಕ್ಕೆ ಯಾಕೆ ಏಳಬೇಕು ಎಂದಿರಿ. ಕುರ್ಚಿ ಖಾಲಿಯಾಗಬೇಕಲ್ಲ ಸ್ವಾಮಿ, ಅದಕ್ಕೆ! ಹಣವಿಲ್ಲದ ತಂಡ ನಡೆಸಿದವರಿಗೆ ಈ ಷರತ್ತುಗಳನ್ನು ಓದಿದರೆ ನಗು ಬರುತ್ತದೆ, ಕಣ್ಣೂ ತುಂಬುತ್ತದೆ. ನಾವೊಮ್ಮೆ ಒಂದೇ ಬೆಂಚಿನಲ್ಲಿ ಬಸ್ ನಿಲ್ದಾಣ, ನ್ಯಾಯಾಲಯ, ಚಿತೆ ಮೂರನ್ನೂ ಮಾಡಿದ್ದೆವು.

ಕೊರತೆಯಿಂದ ಹುಟ್ಟಿದ ನಿಯಮವೇ ಕಥೆಗೆ ಅರ್ಥ ಕೊಟ್ಟಿತು. ಎದ್ದು ಹೋಗಿ ಅವಳನ್ನು ತಡೆಯಲಾರೆ, ಅವನ ಹಿಂದೆ ಓಡಲಾರೆ, ಕುಳಿತಲ್ಲೇ ಮಾತಾಡಬೇಕು. ಸಿನಿಮಾಕ್ಕೆ ಆ ಕೊರತೆ ಇಲ್ಲ. ಕ್ಯಾಮೆರಾ ಬೀದಿಗೆ ಹೋಗುತ್ತದೆ, ಋತು ಬದಲಾಗುವುದನ್ನು ತೋರಿಸುತ್ತದೆ, ಕಾಫಿ ಸುರಿಯುವ ಕಝುವಿಗೆ ಒಬ್ಬ ಪ್ರಿಯಕರನನ್ನು ಒದಗಿಸುತ್ತದೆ. ಆಗಲೇ ಕಟ್ಟು ಸಡಿಲವಾಯಿತು. ಗಂಡಹೆಂಡಿರ ಅದಲುಬದಲು ನನಗೆ ದೊಡ್ಡ ತಪ್ಪೆನಿಸಲಿಲ್ಲ.

ಬಾಳುಪೇಟೆಯವಳು
ನನಗೂ ತಪ್ಪೆನಿಸಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಚಿತ್ರದಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಕಾಯಿಲೆ ಬಿದ್ದ ಗಂಡನನ್ನು ಹೆಂಡತಿ ನೋಡಿಕೊಳ್ಳುವುದು ಎಲ್ಲ ಊರುಗಳಲ್ಲೂ ನಡೆದಿರುವ ಕಥೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದೇ ಆ ಎತ್ತರದ ಮತ್ಸುಶಿಗೆ ಹೆಂಡತಿಯ ಮುಂದೆ ಪರಿಚಯವೇ ಇಲ್ಲದವನಂತೆ ಬಗ್ಗಿ ನಿಂತಾಗ ನನಗೆ ತಡೆಯಲಾಗಲಿಲ್ಲ. ಒಂಟಿಯಾಗಿ ಊಟ ಮಾಡುವ ಮನುಷ್ಯನ ಧಾರಾವಾಹಿಯಲ್ಲಿ ಅವರನ್ನು ನೋಡಿ ನಕ್ಕವಳು ನಾನು. ಇಲ್ಲಿ ಅದೇ ಒಂಟಿತನ ಬೇರೆ ಮುಖ ಹೊತ್ತು ಬಂದಿದೆ.

ನಸುಕಿನ ಓದುಗ
ಅಕ್ಕ, ಅವರ ನಟನೆಯ ಬಗ್ಗೆ ನನ್ನ ತಕರಾರಿಲ್ಲ. ಪತ್ರದ ಬಗ್ಗೆ. ಪುಸ್ತಕದ ಫುಸಾಗಿ ಅಕ್ಷರಕ್ಕೆ ಹೆದರುವವನು. ಬಡತನದ ಮನೆ, ಚಿಕ್ಕಂದಿನಿಂದ ದುಡಿಮೆ, ಓದುಬರಹ ಅಷ್ಟಕ್ಕಷ್ಟೆ. ಅಂಥವನು ಹೆಂಡತಿಗೆ ಪತ್ರ ಬರೆದಿದ್ದಾನೆ ಎಂಬುದೇ ದೊಡ್ಡ ಸಂಗತಿ. ನೆನಪು ಹೋಗುವ ಮುಂಚೆ, ಕೈಗೆ ಬಗ್ಗದ ಅಕ್ಷರಗಳಲ್ಲಿ ಬರೆದಿಟ್ಟಿದ್ದಾನೆ. ಅದರಲ್ಲಿ ಅವನು ಹೇಳುವುದು ಸುಮಾರಾಗಿ ಇಷ್ಟು: ನೀನು ನರ್ಸ್, ನಾನು ನಿನ್ನನ್ನು ಮರೆತರೂ ಮನಸ್ಸು ಗಟ್ಟಿ ಮಾಡಿಕೊಂಡು ನೋಡಿಕೊಳ್ಳುತ್ತೀಯ ಎಂದು ಗೊತ್ತು. ಆದರೆ ನನ್ನ ಮುಂದೆ ನೀನು ನರ್ಸ್ ಆಗಬೇಡ. ಹೆಂಡತಿಯಾಗಿ ಇರುವುದು ಕಷ್ಟವಾದ ದಿನ ಬಿಟ್ಟು ಹೋಗು. ಕರುಣೆಯಿಂದ ಜೊತೆಗಿರುವುದು ನನಗೆ ಬೇಡ.

ಗಂಡಸು ಹೆಂಗಸಿಗೆ ‘ನನ್ನ ಸೇವೆ ಮಾಡುವುದು ನಿನ್ನ ಧರ್ಮವಲ್ಲ, ಹೋಗಬಹುದು’ ಎನ್ನುವುದಕ್ಕೆ ಒಂದು ತೂಕವಿದೆ. ಯಾಕೆಂದರೆ ಅವಳಿಂದ ಊರೆಲ್ಲ ಅದನ್ನೇ ಬಯಸುತ್ತದೆ. ಅವನು ಆ ಬಾಗಿಲು ತೆಗೆದು ಕೊಡುತ್ತಾನೆ, ಅವಳು ತಾನಾಗಿ ಉಳಿಯುತ್ತಾಳೆ. ಹೆಂಡತಿ ಗಂಡನಿಗೆ ಅದೇ ಮಾತು ಬರೆದರೆ? ಗಂಡಸರು ಹೊರಟುಹೋದ ಕಥೆಗಳು ಬೇಕಾದಷ್ಟಿವೆ, ಅವರಿಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಅದೇ ವಾಕ್ಯ ಹಗುರವಾಗುತ್ತದೆ.

ಒಸಾಕಾದಿಂದ
ಇಬ್ಬರ ಮಾತಿನಲ್ಲೂ ಹುರುಳಿದೆ. ಹೆಸರಿನ ವಿಷಯ ಸೇರಿಸುತ್ತೇನೆ. ಜಪಾನಿನ ಕಾನೂನಿನಲ್ಲಿ ಗಂಡಹೆಂಡಿರಿಗೆ ಒಂದೇ ಮನೆತನದ ಹೆಸರು ಇರಬೇಕು. ಯಾರದು ಎಂಬುದನ್ನು ಅವರೇ ಆರಿಸಬಹುದಾದರೂ ಬಿಟ್ಟುಕೊಡುವವಳು ಹೆಚ್ಚಾಗಿ ಹೆಂಡತಿಯೇ. ಹಾಗಾಗಿ ಪುಸ್ತಕದ ಕೊಹ್ತಾಕೆ ತವರಿನ ಹೆಸರಿಗೆ ಮರಳುವುದು ಒಂದು ವೇಷ. ಗಂಡನಿಗೆ ಗಲಿಬಿಲಿ ಆಗದಿರಲಿ ಎಂದು ಹಾಕಿಕೊಂಡ ನರ್ಸಿನ ಸಮವಸ್ತ್ರ ಎನ್ನಿ. ಪತ್ರ ಓದಿ ಮರಳಿದ ಮೇಲೆ, ಇನ್ನು ಮುಂದೆ ಆ ಹೆಸರು ಬೇಡ ಎನ್ನುತ್ತಾಳೆ. ಕಥೆ ಮುಗಿಯುವುದು ಈ ಒಂದು ಕರೆಯ ಮೇಲೆ. ಚಿತ್ರದಲ್ಲೂ ಎರಡು ಹೆಸರು ಉಳಿದಿವೆ. ಆದರೆ ಅಲ್ಲಿ ಹೆಸರು ಕಳಚಿದ್ದು ಕಾಯಿಲೆ. ಬೇಕೆಂದೇ ಕಳಚಿಡುವುದಕ್ಕೂ ತಾನಾಗಿ ಕಳಚಿಹೋಗುವುದಕ್ಕೂ ವ್ಯತ್ಯಾಸ ಇದೆ.

ಆದರೆ ‘ನರ್ಸ್ ಎಂದರೆ ಹೆಂಗಸು’ ಎಂಬುದನ್ನು ಚಿತ್ರ ಮುರಿದದ್ದಕ್ಕೆ ಹಿನ್ನೆಲೆ ಇದೆ. ಹಿಂದೆ ‘ಕಾಂಗೊಫು’ ಎನ್ನುತ್ತಿದ್ದರು, ಆ ‘ಫು’ ಎಂದರೆ ಹೆಂಗಸು. 2002ರಿಂದ ಕಾನೂನಿನಲ್ಲೇ ‘ಕಾಂಗೊಶಿ’ ಎಂದಾಯಿತು, ಗಂಡಸಿಗೂ ಹೆಂಗಸಿಗೂ ಒಂದೇ ಪದ. ಮರೆವಿನ ಕಾಯಿಲೆಗೂ ಅಲ್ಲಿ ಹೆಸರು ಬದಲಾಗಿದೆ. ಹಳೆಯ ‘ಚಿಹೊ’ ಎಂಬ ಪದದಲ್ಲಿ ಪೆದ್ದುತನದ ಅರ್ಥವಿತ್ತು. ಅವಮಾನ ಎಂದು 2004ರಲ್ಲಿ ‘ನಿಂಚಿಶೊ’ ಎಂಬ ಪದವನ್ನು ತಂದರು.

ಕೆನೆ ಬೇಡ
ನಮ್ಮಲ್ಲಿ ಇನ್ನೂ ಅರವತ್ತಕ್ಕೆ ಅರಳುಮರಳು ಎಂದು ನಗುತ್ತಾ ಕುಳಿತಿದ್ದೇವೆ. ಅರಳುವುದೇನೋ ಸರಿ.

ಮೂರನೇ ಪಾಳಿ
ಇಲ್ಲಿ ಓದುವುದಷ್ಟೇ ನನ್ನ ಅಭ್ಯಾಸ, ಬರೆಯುವುದಿಲ್ಲ. ಇವತ್ತು ರಾತ್ರಿ ಪಾಳಿ ಮುಗಿಸಿ ಬಂದು ಇದನ್ನೆಲ್ಲ ಓದಿದೆ, ನಿದ್ದೆ ಬರಲಿಲ್ಲ.

ನಾನು ನರ್ಸ್, ಹದಿನೆಂಟು ವರ್ಷವಾಯಿತು. ಕಥೆ ಓದಿದ್ದೇನೆ, ಚಿತ್ರ ನೋಡಿಲ್ಲ. ಗಂಡಸು ನರ್ಸ್ ಆದರೆ ಪತ್ರ ಹಗುರವಾಗುತ್ತದೆ ಎಂದು ನಸುಕಿನ ಓದುಗರು ಬರೆದಿದ್ದಾರೆ. ಸರ್, ನಮ್ಮ ವಾರ್ಡಿನಲ್ಲಿ ಇಬ್ಬರು ಗಂಡಸರಿದ್ದಾರೆ. ರೋಗಿಗಳು ನಮ್ಮನ್ನು ಸಿಸ್ಟರ್ ಎನ್ನುತ್ತಾರೆ, ಅವರನ್ನು ಬ್ರದರ್ ಎನ್ನುತ್ತಾರೆ. ಅವರಲ್ಲೊಬ್ಬರ ತಾಯಿ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಮನೆಯಲ್ಲೂ ಅವರೇ ಎಲ್ಲ ಮಾಡುವುದು. ಬಂದುಹೋಗುವ ನೆಂಟರು ಅವರ ಹೆಂಡತಿಯನ್ನು ಹೊಗಳಿ ಹೋಗುತ್ತಾರೆ. ಅಂಥವರನ್ನು ಪರದೆಯ ಮೇಲೆ ಯಾರಾದರೂ ತೋರಿಸಿದರೆ ನನಗೆ ಬೇಸರವಿಲ್ಲ.

ಆದರೆ ಪತ್ರದ ಮಾತು ನಿಜ. ನನ್ನ ಅಪ್ಪನಿಗೆ ಮೂರು ವರ್ಷದಿಂದ ಇದೇ ಕಾಯಿಲೆ. ವಾರ್ಡಿನಲ್ಲಿ ರೋಗಿ ಕೈ ಎತ್ತಿದರೂ ನಾವು ದನಿ ಏರಿಸುವುದಿಲ್ಲ. ‘ಆಯಿತು, ಆಯಿತು, ಮಲಗಿ’ ಎಂದು ಒಂದೇ ಸಮನಾಗಿ ಹೇಳುತ್ತೇವೆ. ಅದು ಅಭ್ಯಾಸದ ದನಿ. ಮನೆಯಲ್ಲೂ ಅದೇ ದನಿಯಲ್ಲಿ ಮಾತಾಡುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಒಂದು ಸಂಜೆ ಅಪ್ಪ ‘ಸಿಸ್ಟರ್, ನಮ್ಮ ಮಗಳು ಎಷ್ಟು ಹೊತ್ತಿಗೆ ಬರುತ್ತಾಳೆ?’ ಎಂದು ನನ್ನನ್ನೇ ಕೇಳಿದರು. ನಾನು ಸಮವಸ್ತ್ರದಲ್ಲಿರಲಿಲ್ಲ. ನೈಟಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡಿದ್ದೆ. ಅವರು ಗುರುತಿಸಿದ್ದು ದನಿಯನ್ನು. ‘ಈಗ ಬರುತ್ತಾರೆ’ ಎಂದು ಹೇಳಿ ಒಳಗೆ ಹೋದೆ.

ಕಥೆಯಲ್ಲಿ ಅವಳೂ ಹಾಗೆಯೇ ಸುಳ್ಳು ಹೇಳುತ್ತಾಳೆ. ಹಿಂದಿನ ಕಾಲದಲ್ಲಿ ಸಿಕ್ಕ ಗಂಡನಿಗೆ ಅವಳು ಎಲ್ಲಿಂದ ಬಂದಿದ್ದಾಳೆ ಎಂದು ತಿಳಿದುಹೋಗುತ್ತದೆ. ಅವಳು ಕಾಯಿಲೆ ವಾಸಿಯಾಗುತ್ತದೆ ಎನ್ನುತ್ತಾಳೆ. ನಾವೂ ದಿನಕ್ಕೆ ಹತ್ತು ಸಲ ಹೇಳುವ ಸುಳ್ಳು. ಅವನಿಗೆ ಸಮಾಧಾನವಾಗುತ್ತದೆ, ಅಥವಾ ಆದಂತೆ ಇರುತ್ತಾನೆ. ಅಲ್ಲಿ ಯಾರು ಯಾರನ್ನು ನೋಡಿಕೊಂಡರು ಎಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ಬಾಳುಪೇಟೆಯವಳು
ಬರೆದದ್ದು ಒಳ್ಳೆಯದಾಯಿತು. ಮೊದಲು ಮಲಗಿ ಎದ್ದು ಬನ್ನಿ.

ನಸುಕಿನ ಓದುಗ
‘ಹಗುರವಾಗುತ್ತದೆ’ ಎಂದು ಆತುರಪಟ್ಟು ಬರೆದೆ ಎನಿಸುತ್ತಿದೆ. ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಆ ಬ್ರದರ್ ನನ್ನ ವಾದದೊಳಗೆ ಬಂದು ಕುಳಿತಿದ್ದಾರೆ, ಏಳಿಸಲಾಗುತ್ತಿಲ್ಲ.

ರಂಗದ ಹಿಂದೆ
ನಾಲ್ಕನೆಯ ಕಥೆಯನ್ನೂ ಮಾತಾಡದಿದ್ದರೆ ಚಿತ್ರಕ್ಕೆ ಅನ್ಯಾಯವಾಗುತ್ತದೆ. ಕೊನೆ ತಿಳಿಯುವುದು ಬೇಡ ಎನ್ನುವವರು ಇದನ್ನು ದಾಟಿ ಮುಂದೆ ಹೋಗಿ.

ಪುಸ್ತಕದಲ್ಲಿ ಅಂಗಡಿ ಮಾಲೀಕ ನಗಾರೆಯ ಹೆಂಡತಿ ಕೇ ಬಸುರಿ. ಹೃದಯದ ಕಾಯಿಲೆ, ಹೆತ್ತರೆ ತಾನು ಉಳಿಯುವುದು ಅನುಮಾನ. ಅವಳು ಮುಂದಿನ ಕಾಲಕ್ಕೆ ಹೋಗಿ ಬೆಳೆದ ಮಗಳನ್ನು ನೋಡಿ ಬರುತ್ತಾಳೆ. ಚಿತ್ರ ಕೇಯನ್ನೇ ತೆಗೆದುಹಾಕಿತು. ಕಸುಮಿ ಅರಿಮುರಾ ಮಾಡಿದ ಕಝುವೇ ನಾಯಕಿಯಾದಳು, ಕುರ್ಚಿಯ ದೆವ್ವ ಅವಳ ತಾಯಿ. ತಾಯಿಯ ಈ ಸಂಬಂಧ ಸರಣಿಯ ಎರಡನೆಯ ಪುಸ್ತಕದಲ್ಲಿ ಬರುತ್ತದೆ, ಅವರು ಅದನ್ನು ಮೊದಲಿಗೇ ಎಳೆದು ತಂದರು. ಈಗ ತೊಡಕು ಏನೆಂದರೆ, ಆ ಕಾಫಿಯನ್ನು ಸುರಿಯುವ ಶಕ್ತಿ ಅವರ ಮನೆತನದ ಹೆಣ್ಣುಮಕ್ಕಳಿಗಷ್ಟೇ. ಕಝು ಊರಿಗೆಲ್ಲ ಸುರಿಯುತ್ತಾಳೆ, ಅವಳಿಗೆ ಸುರಿಯುವವರಿಲ್ಲ. ಬಡಿಸುವವಳ ಎಲೆ ಕೊನೆಗೆ ಎನ್ನುತ್ತಾರಲ್ಲ, ಹಾಗೆ. ಕೊನೆಗೆ ಅವಳಿಗೆ ಮುಂದೆ ಹುಟ್ಟಲಿರುವ ಮಗಳೇ ಹಿಂದಕ್ಕೆ ಬಂದು ತಾಯಿಗೆ ಕಾಫಿ ಸುರಿಯುತ್ತಾಳೆ.

ಜಾಣತನದ ತಿರುವು, ಒಪ್ಪುತ್ತೇನೆ. ಪುಸ್ತಕದಲ್ಲಿ ತಾಯಿ ಮಗಳನ್ನು ಹುಡುಕಿಕೊಂಡು ಹೋದರೆ ಇಲ್ಲಿ ಮಗಳು ಬರುತ್ತಾಳೆ. ಆದರೆ ನನಗೆ ಇದು ಷರತ್ತಿನಲ್ಲಿ ಸಂದು ಹುಡುಕಿದ ವಕೀಲನ ಕೆಲಸದಂತೆ ಕಂಡಿತು. ಕಥೆಗಳಲ್ಲಿ ಯಾರೂ ಸಂದು ಹುಡುಕುವುದಿಲ್ಲ. ಏನೂ ಬದಲಾಗದು ಎಂದು ತಿಳಿದೂ ಹೋಗುತ್ತಾರೆ. ಪುಸ್ತಕದ ಕಝು ಅಷ್ಟಾಗಿ ಮಾತಾಡುವುದಿಲ್ಲ. ಕಾಫಿ ಸುರಿಯುತ್ತಾಳೆ, ಆರುವುದರೊಳಗೆ ಎಂದು ಹೇಳಿ ಹಿಂದೆ ಸರಿಯುತ್ತಾಳೆ. ಆ ಮೌನಕ್ಕೆ ಕಾರಣ ಕೊಡಬೇಕಿತ್ತೇ?

ಒಸಾಕಾದಿಂದ
ಸಿನಿಮಾಕ್ಕೆ ನಾಯಕಿ ಬೇಕಾಗುತ್ತದೆ ಸರ್. ನಾಲ್ಕು ಬಿಡಿ ಕಥೆಗಳಿಗೆ ಒಂದು ಹುರಿ ಬೇಕು. ಇದು ತ್ಸುಕಾಹಾರಾ ಅವರ ಮೊದಲ ಚಲನಚಿತ್ರ. ಅದಕ್ಕೆ ಮುಂಚೆ ಟಿವಿ ಧಾರಾವಾಹಿ ಮಾಡಿದವರು, ವಾರವಾರ ಹೊಸ ಅತಿಥಿ ಬಂದರೂ ಮುಖ್ಯಪಾತ್ರದ ಗಾಯ ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುವ ಕಟ್ಟಡ ಅದು. ಮೊದಲ ಕಥೆಯ ಫುಮಿಕೊ, ಗೊರೊ ಜೋಡಿಯನ್ನು ನೋಡಿ. ಚಿತ್ರದಲ್ಲಿ ಅವರನ್ನು ಬಾಲ್ಯದ ಗೆಳೆಯರನ್ನಾಗಿ ಮಾಡಿದರು. ಪುಸ್ತಕದಲ್ಲಿ ಅವರು ದೊಡ್ಡವರಾದ ಮೇಲೆ ಪರಿಚಯವಾದವರು. ಹತ್ತು ನಿಮಿಷದಲ್ಲಿ ಪ್ರೇಕ್ಷಕನಿಗೆ ಮಮತೆ ಹುಟ್ಟಬೇಕು, ಬಾಲ್ಯ ಎಂದರೆ ಬೇಗ ಹುಟ್ಟುತ್ತದೆ.

ಬಾಳುಪೇಟೆಯವಳು
ಅಕ್ಕತಂಗಿಯರ ಮೂರನೆಯ ಕಥೆಯನ್ನು ಎಲ್ಲರೂ ಹಾರಿಸಿಬಿಟ್ಟಿರಿ. ತೀರಿಹೋದ ತಂಗಿಯನ್ನು ನೋಡಲು ಹಿರಾಯ್ ಹೊರಟಾಗ ಕಝು ಅವಳ ಬಟ್ಟಲಿಗೆ ಕಡ್ಡಿಯಂಥ ಒಂದು ಸಾಧನ ಹಾಕುತ್ತಾಳೆ. ಕಾಫಿ ಆರುವ ಹೊತ್ತಿಗೆ ಅದು ಸದ್ದು ಮಾಡುತ್ತದೆ. ಸತ್ತವರನ್ನು ನೋಡಲು ಹೋದವರು ತಾವಾಗಿ ಎದ್ದು ಬರಲಾರರು ಎಂದು ಅಂಗಡಿಯವರಿಗೆ ಗೊತ್ತು. ಇಡೀ ಪುಸ್ತಕದಲ್ಲಿ ನನ್ನನ್ನು ಅಲ್ಲಾಡಿಸಿದ್ದು ಆ ಕಡ್ಡಿ. ಅದರಲ್ಲಿ ಒಂದು ತೊಟ್ಟು ಕಣ್ಣೀರಿಲ್ಲ, ಅಡುಗೆಮನೆಯ ಉಪಕರಣ ಅಷ್ಟೆ. ನಮ್ಮಲ್ಲಿ ಹೆಣ ಎತ್ತುವ ಹೊತ್ತಿಗೆ ಯಾರೋ ಒಬ್ಬರು ಹಿರಿಯರು ಗಂಟಲು ಸರಿಮಾಡಿಕೊಂಡು ‘ಹೊತ್ತಾಯಿತು’ ಎನ್ನುತ್ತಾರಲ್ಲ, ಆ ಕೆಲಸ ಅದರದ್ದು.

ಕೆನೆ ಬೇಡ
ಅದು ನನಗೂ ಹಿಡಿಸಿತ್ತು. ಹೇಳಲಿಲ್ಲ, ಅಷ್ಟೇ.

ನಸುಕಿನ ಓದುಗ
ಹಾಗಾದರೆ ನನ್ನ ಮೊದಲ ಮಾತನ್ನು ತಿದ್ದಿ ಬರೆಯುತ್ತೇನೆ. ಅದಲುಬದಲು ಮಾಡಿದ್ದು ತಪ್ಪಲ್ಲ. ಮಾಡಿದ ಮೇಲೂ ಪತ್ರವನ್ನು ಹಾಗೆಯೇ ಉಳಿಸಿಕೊಂಡದ್ದು ತಪ್ಪು. ಬರೆದವಳು ಬೇರೆ ಎಂದ ಮೇಲೆ ಮಾತೂ ಬೇರೆ ಆಗಬೇಕಿತ್ತು. ಹೆಂಡತಿ ತನ್ನ ಗಂಡನಿಗೆ ಕೊನೆಯದಾಗಿ ಬರೆಯುವ ಕಾಗದದಲ್ಲಿ ‘ಬಿಟ್ಟು ಹೋಗು’ ಎಂದಷ್ಟೇ ಇರುತ್ತದೆಯೇ? ಔಷಧಿ ಎಲ್ಲಿದೆ, ಹಾಲಿನವನಿಗೆ ಎಷ್ಟು ಕೊಡಬೇಕು, ಯಾವ ನೆಂಟರ ಮನೆಗೆ ಹೋಗಲೇಬೇಕು ಎಂಬುದೂ ಇರುತ್ತದೆ. ನಮ್ಮ ಅಮ್ಮ ಆಸ್ಪತ್ರೆಗೆ ಸೇರುವ ಮುಂಚಿನ ದಿನ ಅಪ್ಪನಿಗೆ ಬರೆದಿಟ್ಟ ಚೀಟಿಯಲ್ಲಿ ಕಾಫಿಪುಡಿ ಎಷ್ಟು ಚಮಚ ಎಂದು ಇತ್ತು. ಡಿಕಾಕ್ಷನ್ನಿಗೆ ಬಿಸಿನೀರು ಒಮ್ಮೆಲೇ ಸುರಿಯಬಾರದು ಎಂದೂ ಇತ್ತು, ಕೆಳಗೆ ಗೆರೆ ಎಳೆದು.

ಮೂರನೇ ಪಾಳಿ
ಮಲಗಿ ಎದ್ದೆ. ನಿನ್ನೆ ಬರೆದದ್ದು ಜಾಸ್ತಿಯಾಯಿತೇನೋ ಎಂದು ಅಳಿಸಲು ಬಂದೆ, ಆಮೇಲೆ ಬಿಟ್ಟೆ.

ಸಂಜೆ ಅಪ್ಪನಿಗೆ ಕಾಫಿ ಕೊಡುವಾಗ ವಾರ್ಡಿನ ದನಿ ಬೇಡ ಎಂದುಕೊಂಡು ‘ಅಪ್ಪಾ, ಕಾಫಿ’ ಎಂದು ಸ್ವಲ್ಪ ಜೋರಾಗಿಯೇ, ಹಿಂದೆ ಕೂಗುತ್ತಿದ್ದ ಹಾಗೆ ಕೂಗಿದೆ. ನನ್ನ ಮುಖ ನೋಡಿದರು. ಲೋಟ ಹಿಡಿದುಕೊಂಡು ತುಂಬ ಹೊತ್ತು ಕುಳಿತರು. ಆಮೇಲೆ ಒಂದು ಗುಟುಕು ಕುಡಿದು ‘ಆರಿದೆ’ ಎಂದು ಹಿಂದಕ್ಕೆ ಕೊಟ್ಟರು. ಕೆನೆ ತೆಗೆದು ಮತ್ತೆ ಬಿಸಿ ಮಾಡಿ ತಂದೆ. ಪೂರ್ತಿ ಕುಡಿದರು. ‘ತುಂಬ ಉಪಕಾರವಾಯಿತು ಸಿಸ್ಟರ್’ ಎಂದರು.

ಕೆನೆ ಬೇಡ
ಎರಡನೆಯ ಸಲ ಬಿಸಿ ಮಾಡಿದ ಕಾಫಿಯ ಬಗ್ಗೆ ಮೇಲೆ ಏನೋ ಬರೆದಿದ್ದೆ. ಅದನ್ನು ಓದಿಲ್ಲವೆಂದು ತಿಳಿದುಕೊಳ್ಳಿ, ಅಕ್ಕ.